ಪಕ್ಕಕ್ಕೆ ನಿಂತವಳು

ಮೊನ್ನೆ ತೀರಿಕೊಂಡ ಮರುದೇವಿಯ ಶ್ರದ್ಧಾಂಜಲಿ ಫ್ಲೆಕ್ಸಿಗೆ ಒಂದು ಒಳ್ಳೆ ಫೋಟೊ ಬೇಕಾಗಿತ್ತು. ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅವಳ ಗಂಡ ಪದ್ಮಕುಮಾರರ ಕಂಪ್ಯೂಟರಿನ ತುಂಬ ಇದ್ದದ್ದು ಬರೀ ಅವರೇ ತೆಗೆದ ರೈಲುಗಳ ಫೋಟೊ. ಭಾನುವಾರ ಬಂತೆಂದರೆ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊಳೆನರಸೀಪುರದ ಸೇತುವೆಗೆ ಹೊರಟುಬಿಡುತ್ತಿದ್ದರು. ಗೂಡ್ಸ್ ಸದ್ದು ಕೇಳಿದೊಡನೆ, "ಅಡ್ಡ ಬರ್ಬೇಡ ಕಣೇ, ಪಕ್ಕಕ್ಕೆ ನಿಂತ್ಕೊ" ಅಂತ ರೇಗುತ್ತಿದ್ದರು. ರೈಲಿನ ಚಿತ್ರದೊಳಗೆ ಮನುಷ್ಯರು ಬಂದರೆ ಅದು ಕೆಟ್ಟಂತೆ ಎಂಬುದು ಅವರ ಹಟ. ಅಪ್ಪಿತಪ್ಪಿ ಅವಳು ಬಂದಿದ್ದ ಚಿತ್ರಗಳನ್ನೆಲ್ಲ ಅಳಿಸಿಹಾಕಿದ್ದರು.

ಈಗ ಒಂದೊಂದನ್ನೇ ತೆರೆದು ಹುಡುಕಿದರು. ಅವಳ ಸೆರಗಿನ ಚುಂಗೂ ಸಿಗಲಿಲ್ಲ. ಆದರೆ ಎಂಜಿನ್ನಿನ ಕಿಟಕಿಗಳಲ್ಲಿ ಡ್ರೈವರುಗಳು ನಗುತ್ತ ಕೈ ಬೀಸುತ್ತಿದ್ದರು. ಇಷ್ಟು ವರ್ಷ ಅದು ತಮಗೇ ಎಂದು ಪದ್ಮಕುಮಾರರು ಅಂದುಕೊಂಡಿದ್ದರು. ಇವತ್ತು ನೋಡಿದರೆ ಒಬ್ಬರ ಕಣ್ಣೂ ಕ್ಯಾಮೆರಾದ ಕಡೆಗಿಲ್ಲ. ಎಲ್ಲರೂ ನೋಡುತ್ತಿದ್ದುದು ಪಕ್ಕಕ್ಕೆ, ಅವರು ಅವಳನ್ನು ನಿಲ್ಲಿಸಿದ್ದ ಕಡೆಗೆ.