ಇಬ್ಬರು ದೊಡ್ಡವರಿಗೆ ಒಂದು ಆಟ

ನನ್ನ ಅಂಗಿಯ ಕಿಸೆಯಲ್ಲಿ ಒಂದು ಹುಣಸೆ ಬೀಜವಿದೆ. ಅಂಗಿ ಬದಲಾಯಿಸುವಾಗಲೆಲ್ಲ ಕನ್ನಡಕ, ಪೆನ್ನು, ಕರವಸ್ತ್ರಗಳ ಜೊತೆಗೆ ಅದಕ್ಕೂ ಹೊಸ ಕಿಸೆಗೆ ವರ್ಗವಾಗುತ್ತದೆ. ಒಮ್ಮೆ ಬಟ್ಟೆ ಒಗೆಯುವ ಮೆಷಿನ್ನಿನೊಳಗೂ ಹೋಗಿ, ತಲೆ ತಿರುಗುವಷ್ಟು ಸುತ್ತಿ, ಮೊದಲಿಗಿಂತ ಹೆಚ್ಚು ಹೊಳಪಾಗಿ ಹೊರಬಂದಿದೆ. ನೀವು ಆಪ್ತರಾದ್ದರಿಂದ ಹೇಳಿಬಿಡುತ್ತೇನೆ, ಅದು ನನ್ನದಲ್ಲ. ಅದು ನನ್ನ ಕಿಸೆಗೆ ಬಂದ ಕತೆ ಹೇಳಬೇಕಾದರೆ, ಇಬ್ಬರು ದೊಡ್ಡವರು ಎದುರುಬದುರು ಕೂತು ಸಂತೋಷವಾಗಿ ಆಡಬಹುದಾದ ಆಟ ಯಾವುದಪ್ಪಾ ಎಂದು ಹುಡುಕುತ್ತ ನಾನು ಶಿರಸಿಯ ಪೇಟೆ ಸುತ್ತಿದ್ದನ್ನೂ ಹೇಳಬೇಕಾಗುತ್ತದೆ.

ನಾನು ಶಿರಸಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ರೈಲಿನ ಸಿಳ್ಳೆಯನ್ನೇ ಕೇಳದ ಊರಿನಲ್ಲಿ ಬಸ್ಸಿನ ವೇಳೆಯೇ ಪಂಚಾಂಗ, ಮೈಕಿನ ಮುಂದೆ ಕೂತವನೇ ಪುರೋಹಿತ. ಹಾಗಾಗಿ ನಿಯಮವೆಂಬುದು ನನ್ನ ಮೂಳೆಗೇ ಇಳಿದಿದೆ. ನನ್ನ ಅಕ್ಕ ಇದಕ್ಕೆ ಪೂರಾ ತದ್ವಿರುದ್ಧ. ಮದುವೆಗಿಂತ ಮೆಷಿನ್ನೇ ವಾಸಿ ಎಂದು ಸಿದ್ದಾಪುರದಲ್ಲಿ ಹೊಲಿಗೆ ಕ್ಲಾಸು ಇಟ್ಟು, ಊರ ಹೆಣ್ಣುಮಕ್ಕಳಿಗೆಲ್ಲ ಕತ್ತರಿ ಹಿಡಿಯಲು ಕಲಿಸಿ, ‘ಅಕ್ಕೋರು’ ಎನ್ನಿಸಿಕೊಂಡವಳು. ಬಟ್ಟೆಯ ವಿಷಯದಲ್ಲಿ ಒಂದು ನೂಲು ಆಚೀಚೆ ಮಾಡದ ಪ್ರಾಮಾಣಿಕಳು ಆಟಕ್ಕೆ ಕೂತಳೆಂದರೆ ಮಾತ್ರ ಮಹಾ ಮೋಸಗಾತಿ. ಬಿದ್ದ ದಾಳವನ್ನು ಕಿರುಬೆರಳಿನಲ್ಲಿ ಮಗುಚುವುದು, ನಾನು ನೀರು ಕುಡಿಯಲು ಎದ್ದಾಗ ನನ್ನ ಕಾಯಿಯನ್ನು ಎರಡು ಮನೆ ಹಿಂದಕ್ಕೆ ಕಳಿಸುವುದು, ಸಿಕ್ಕಿಬಿದ್ದರೆ ಎರಡೂ ಕಣ್ಣು ಅಗಲ ಮಾಡಿ, “ದೇವ್ರಾಣೆ, ಎಂಗೆ ಗೊತ್ತಿಲ್ಲೆ ತಮಾ!” ಎಂದು ತನಗೇನೂ ಗೊತ್ತಿಲ್ಲವೆಂಬಂತೆ ಆಣೆ ಇಡುವುದು. ತಮ್ಮನನ್ನು ‘ತಮಾ’ ಎಂದು ಕರೆಯುವ ಆ ದನಿಯಲ್ಲಿ ಎಷ್ಟು ಜೇನು ಸುರಿಯುತ್ತಿತ್ತೆಂದರೆ, ಕದ್ದವಳು ಅವಳಾದರೂ ತಪ್ಪಿತಸ್ಥ ನಾನೇ ಇರಬೇಕೆನ್ನಿಸುತ್ತಿತ್ತು.

ಅಂಥ ಅಕ್ಕ ಒಂದು ಬೆಳಿಗ್ಗೆ, ರವಿಕೆ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದವಳು, ಗೆರೆ ಮುಗಿಯುವ ಮೊದಲೇ ಕುಸಿದು ಬಿದ್ದಳೆಂದು ಕ್ಲಾಸಿನ ಹುಡುಗಿ ಅಳುತ್ತ ಫೋನು ಮಾಡಿದಳು, ಮಾರಾಯ್ರೇ. ಜೀವಮಾನವಿಡೀ ಸಿದ್ದಾಪುರದ ಬಸ್ಸು ಎಷ್ಟು ಹೊತ್ತಿಗೆಂದು ಕೂಗಿ ಹೇಳಿದ ನನಗೆ ಆ ಹೊತ್ತಿನಲ್ಲಿ ಸಿದ್ದಾಪುರಕ್ಕೆ ಬಸ್ಸು ಯಾವಾಗ ಎಂಬುದೇ ನೆನಪಾಗಲಿಲ್ಲ. ಲಕ್ವ ಹೊಡೆದಿತ್ತು, ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋಗಿದ್ದವು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಶಿರಸಿಯ ನಮ್ಮ ಮನೆಗೇ ಕರೆತಂದೆ. ಕಾಲು ಬೇಗ ನೆಲ ಊರಿತು. ಕೈ ಮಾತ್ರ ಬೇರೆ ಯಾರದ್ದೋ ಎಂಬಂತೆ ಮಡಿಲಲ್ಲಿ ಬಿದ್ದುಕೊಂಡೇ ಇತ್ತು, ಮಾತು ‘ಹ್ಞೂಂ’, ‘ಸಾಕು’, ‘ಬೇಡ’ಗಳಲ್ಲಿ ಮುಗಿಯುತ್ತಿತ್ತು. ಅದೆಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಅವಳ ಕಣ್ಣು. ಏನು ಹೇಳಿದರೂ ಒಪ್ಪಿಕೊಳ್ಳುವ, ಯಾವುದಕ್ಕೂ ತಕರಾರಿಲ್ಲದ ಆ ಸಾಧು ಕಣ್ಣುಗಳಲ್ಲಿ ಅಕ್ಕ ಎಲ್ಲಿಯೂ ಕಾಣುತ್ತಿರಲಿಲ್ಲ. ನನಗೆ ಬೇಕಿದ್ದುದು ಇಷ್ಟೇ: ಆ ಕೈ ಮತ್ತೆ ಕತ್ತರಿ ಹಿಡಿಯಬೇಕು, ಆ ಕಣ್ಣಿಗೆ ನನ್ನ ಅಕ್ಕ ವಾಪಸು ಬರಬೇಕು.

ವ್ಯಾಯಾಮ ಮಾಡಿಸಲು ಬರುತ್ತಿದ್ದವಳು ಶಬಾನಾ, ಯಲ್ಲಾಪುರದ ಲಾರಿ ಮಾಲಕರೊಬ್ಬರ ಮಗಳು, ಮಾತಿನಲ್ಲಿ ಬಲು ಚುರುಕು. “ಅಕ್ಕೋರೇ, ಮುಷ್ಟಿ ಕಟ್ರಿ, ಬಿಡ್ರಿ. ಎಲ್ಲದಕ್ಕೂ ಹೂಂ ಅನ್ಬೇಡ್ರಿ, ನೋವಾದ್ರೆ ನನಗೆ ಸ್ವಲ್ಪ ಬೈರಿ” ಎಂದು ಅವಳು ಗೋಗರೆದರೂ ಅಕ್ಕ ಹ್ಞೂಂ ಎನ್ನುವಳೇ ಹೊರತು ಬೈಯುವಳಲ್ಲ. ಒಂದು ದಿನ ಶಬಾನಾ ನನ್ನನ್ನು ಜಗಲಿಗೆ ಕರೆದು, “ಸರ್, ಬರೀ ವ್ಯಾಯಾಮ ಸಾಕಾಗೂದಿಲ್ಲ. ಬೆರಳಿಗೂ ತಲೆಗೂ ಒಟ್ಟಿಗೇ ಕೆಲಸ ಬೇಕು. ಕೂತು ಆಡೋ ಆಟ ಏನಾದ್ರೂ ತನ್ನಿ, ಮನಸ್ಸು ಹೋದ ಕಡೆ ಬೆರಳು ಹೋಗ್ತದೆ” ಎಂದಳು.

ಹೊರಟೆ ಪೇಟೆಗೆ. ಇಬ್ಬರೇ ಆಡುವಂಥದು ಬೇಕೆಂದೆ. “ಮಕ್ಕಳ ವಯಸ್ಸೆಷ್ಟು ಸರ್?” ಎಂದು ಕೇಳಿದ ಅಂಗಡಿಯವ. “ದೊಡ್ಡದಕ್ಕೆ ಅರವತ್ತಮೂರು, ಸಣ್ಣದಕ್ಕೆ ಅರವತ್ತು” ಎಂದೆ. ಅವನು ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತೋ ಗಾಬರಿಯಿತ್ತೋ ತಿಳಿಯದು. ಅಂತೂ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದ. ಪ್ರತಿ ಡಬ್ಬಿಯ ಮೇಲೂ ಅಪ್ಪ, ಅಮ್ಮ, ಎರಡು ಮಕ್ಕಳು ಹಲ್ಲು ಕಿರಿದು ಕೂತಿದ್ದರು. ಲೋಕದಲ್ಲಿ ಇಬ್ಬರೇ ಇರುವ ಮನೆ, ಇಬ್ಬರೇ ಕೂತಿರುವ ಮಧ್ಯಾಹ್ನ ಎಂಬುದೊಂದು ಉಂಟೆಂದು ಈ ಡಬ್ಬಿ ಮಾಡುವವರಿಗೆ ಯಾರೂ ಹೇಳಿದಂತಿಲ್ಲ.

ಆಟ ಆರಿಸುವುದೆಂದರೆ ಹೆಣ್ಣು-ಗಂಡು ಜಾತಕ ಕೂಡಿಸಿದಷ್ಟೇ ಕಷ್ಟವೆಂದು ಅಂದು ಗೊತ್ತಾಯಿತು. ಹಾವು-ಏಣಿಯಲ್ಲಿ ಬುದ್ಧಿಗೆ ಏನೂ ಕೆಲಸವಿಲ್ಲ, ಮೇಲಾಗಿ ಈಗಷ್ಟೇ ಬಿದ್ದವಳ ಮುಂದೆ ಏಣಿ ಹತ್ತಿಸಿ ಹಾವಿನ ಬಾಯಿಗೆ ಕೊಡುವುದೇ? ಚದುರಂಗದಲ್ಲಿ ಎಲ್ಲವೂ ಬುದ್ಧಿಯೇ, ಅದೃಷ್ಟದ ಮೇಲೆ ತಪ್ಪು ಹೊರಿಸುವ ಸೌಕರ್ಯವಿಲ್ಲ; ಮೊದಲೇ ಸೋತು ಕೂತವರನ್ನು ಅಲ್ಲಿ ಕೂರಿಸಬಾರದು. ಊರೂರು ಕೊಳ್ಳುವ ವ್ಯಾಪಾರದ ಆಟವನ್ನು ಇಬ್ಬರೇ ಆಡಿದರೆ ಸ್ವಲ್ಪ ಹೊತ್ತಿನಲ್ಲಿ ಒಬ್ಬ ಒಡೆಯ, ಇನ್ನೊಬ್ಬ ಒಕ್ಕಲು. ಕೇರಂ ಆಡೋಣವೆಂದರೆ ಕಾಯಿ ಹೊಡೆಯುವ ಬೆರಳೇ ಇಲ್ಲ. ಕಡೆಗೆ ಲುಡೋ ಹಿಡಿದು ಮನೆಗೆ ಬಂದೆ. ನಾಲ್ವರು ಆಡುವಾಗ ಜಿದ್ದು ನಾಲ್ಕು ಪಾಲಾಗಿ ಹಗುರಾಗುತ್ತದೆ. ಇಬ್ಬರೇ ಕೂತಾಗ ಎದುರಿಗಿರುವವರನ್ನು ಬಿಟ್ಟು ನೋಡಲು ಬೇರೆ ಮುಖವೇ ಇರುವುದಿಲ್ಲ. ಅಕ್ಕನ ಮುಖವನ್ನು ನಾನು ಅಷ್ಟು ಹೊತ್ತು ನೋಡಿ ಬಹಳ ಕಾಲವಾಗಿತ್ತು.

ಅವಳು ಎಡಗೈಯಲ್ಲಿ ದಾಳ ಹಾಕಿದಳು. ನಾನು, ನಿಯಮದ ಮನುಷ್ಯ, ಅಂದು ಬೇಕೆಂದೇ ಒಂದು ತಪ್ಪು ಮಾಡಿದೆ. ನನಗೆ ಐದು ಬಿದ್ದಿತ್ತು, ಐದು ನಡೆಸಿದರೆ ಅವಳ ಕಾಯಿ ಸಾಯುತ್ತಿತ್ತು. ನಾನು ನಾಲ್ಕೇ ಮನೆ ನಡೆಸಿ ಕೈ ತೆಗೆದೆ. ಅಕ್ಕ ದಾಳವನ್ನು ನೋಡಿದಳು, ನನ್ನ ಕಾಯಿಯನ್ನು ನೋಡಿದಳು. “ಐದು” ಎಂದಳು. ಎಂದವಳೇ ನನ್ನ ಕಾಯಿಯನ್ನು ಇನ್ನೊಂದು ಮನೆ ಮುಂದಕ್ಕೆ ದೂಡಿ, ತನ್ನ ಕಾಯಿಯನ್ನು ತಾನೇ ಎತ್ತಿ ಹೊರಗಿಟ್ಟಳು.

ಅಯ್ಯಯ್ಯೋ! ನಾನು ಬೆಚ್ಚಿಬಿದ್ದೆ. ಫೋನು ಬಂದ ದಿನ ಕೂಡ ಇಷ್ಟು ಹೆದರಿರಲಿಲ್ಲ. ಸತ್ಯ, ಪ್ರಾಮಾಣಿಕತೆ ಎಂದು ಶಾಲೆಯ ಗೋಡೆಗಳ ಮೇಲೆಲ್ಲ ಬರೆಸುತ್ತೇವಲ್ಲ, ಅದು ಒಬ್ಬರ ಮುಖದಲ್ಲಿ ಇಷ್ಟು ಭಯಂಕರವಾಗಿ ಕಾಣಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಡುಗೆಮನೆಗೆ ಹೋಗಿ ಹೆಂಡತಿಯ ಹತ್ತಿರ, “ಅಕ್ಕ ಮೋಸ ಮಾಡ್ತಿಲ್ಲೆ” ಎಂದೆ. ಅವಳೂ ನಮ್ಮ ಮನೆಗೆ ಬಂದಾಗಿನಿಂದ ಅಕ್ಕನ ಕೈಯಲ್ಲಿ ಸೋತವಳೇ. ಒಗ್ಗರಣೆ ಸೌಟು ಹಿಡಿದು ಹಾಗೆಯೇ ನಿಂತಳು.

ಮೊಬೈಲಿನ ಲುಡೋವನ್ನೂ ನೋಡಿದ್ದಾಯಿತು. ಅಲ್ಲಿ ದಾಳ ಹಾಕುವುದೂ ಯಂತ್ರ, ಎಣಿಸುವುದೂ ಯಂತ್ರ. ಮೋಸ ಮಾಡುತ್ತೇನೆಂದರೂ ಸಂದಿಯಿಲ್ಲ. ಆಗ ಹೊಳೆಯಿತು, ಮೋಸಕ್ಕೆ ಜಾಗವಿಲ್ಲದ ಕಡೆ ನಂಬಿಕೆಗೂ ಕೆಲಸವಿಲ್ಲ. ಇಬ್ಬರು ಕೂತು ಆಡುವ ಒಳ್ಳೆಯ ಆಟದಲ್ಲಿ ಚೂರು ಬುದ್ಧಿ, ಚೂರು ಅದೃಷ್ಟ, ನಡುವೆ ಮಾತಾಡಲು ಪುರಸೊತ್ತು ಇರಬೇಕು, ಅದು ಸರಿ. ಅದರ ಜೊತೆಗೆ, ಎದುರಿನವರ ಕಣ್ಣು ತಪ್ಪಿಸುವ ಆಸೆ ಹುಟ್ಟುವಷ್ಟು ಸಲಿಗೆಯೂ ಇರಬೇಕು. ಅದನ್ನು ಯಾವ ಅಂಗಡಿಯವ ತಾನೇ ಡಬ್ಬಿಯಲ್ಲಿ ತುಂಬಿ ಕೊಟ್ಟಾನು?

ಅಕ್ಕನ ಸೀರೆಗಳನ್ನು ತರಲು ಸಿದ್ದಾಪುರಕ್ಕೆ ಹೋದಾಗ, ಅವಳ ಹೊಲಿಗೆ ಮೆಷಿನ್ನಿನ ಕೆಳಗೆ ನಮ್ಮ ಹಳೆಯ ಅಳಗುಳಿಮಣೆ ಕಂಡಿತು. ಎರಡು ಸಾಲು ಗುಳಿಗಳ ಮರದ ಮಣೆ. ಗುಳಿಗೊಂದು ಬಣ್ಣದಂತೆ ಅಂಗಿಯ ಗುಂಡಿಗಳನ್ನು ತುಂಬಿಟ್ಟಿದ್ದಳು. ಇಷ್ಟು ದಿನ ಅದು ಆಟವೆಂದೇ ನನಗೆ ಯಾಕೆ ನೆನಪಾಗಲಿಲ್ಲವೆಂದರೆ, ನಮ್ಮ ಮನೆಯಲ್ಲಿ ಅದಕ್ಕೊಂದು ಕಟ್ಟಳೆಯಿತ್ತು. ಒಡಹುಟ್ಟಿದವರು ಇಬ್ಬರೇ ಎದುರುಬದುರು ಕೂತು ಅಳಗುಳಿ ಆಡಿದರೆ ಮನಸ್ಸು ಮುರಿಯುತ್ತದೆ, ಮೂರನೆಯದೊಂದು ಸಾಕ್ಷಿ ಬೇಕು ಎಂದು ನಮ್ಮ ಆಯಿ, ಅಂದರೆ ಅಮ್ಮ, ಮಣೆಯ ಪಕ್ಕ ನೀರು ತುಂಬಿದ ಹಿತ್ತಾಳೆ ಚೆಂಬೊಂದನ್ನು ತಂದಿಡುತ್ತಿದ್ದಳು. ಆಯಿಯ ಲೆಕ್ಕದಲ್ಲಿ ಆ ಚೆಂಬೇ ಮೂರನೆಯ ಆಟಗಾರ. ಅಕ್ಕ ಅದೇ ಚೆಂಬಿನ ಮರೆಯಲ್ಲಿ ಬೀಜ ಬಚ್ಚಿಟ್ಟು ನನ್ನನ್ನು ಸೋಲಿಸುತ್ತಿದ್ದಳೆಂಬುದು ಬೇರೆ ಮಾತು. ಆಯಿ ಹೋದ ಮೇಲೆ ಚೆಂಬು ಇಡುವವರಿಲ್ಲದೆ ನಾವಿಬ್ಬರೂ ಆ ಮಣೆಯ ಮುಂದೆ ಕೂತದ್ದಿಲ್ಲ.

ಗುಂಡಿಗಳನ್ನು ಚೀಲಕ್ಕೆ ಸುರಿದು ಮಣೆಯನ್ನು ಶಿರಸಿಗೆ ತಂದು ಅಕ್ಕನ ಮುಂದಿಟ್ಟೆ. ಬಹಳ ಹೊತ್ತು ನೋಡಿ “ಚೆಂಬು” ಎಂದಳು. ಬಾಯಾರಿರಬೇಕೆಂದು ನೀರು ತಂದು ತುಟಿಗೆ ಹಿಡಿದರೆ, ಎಡಗೈಯಲ್ಲಿ ಚೆಂಬನ್ನು ದೂಡಿ, ಮಣೆಯ ಪಕ್ಕದ ನೆಲವನ್ನು ತೋರಿಸಿದಳು. ಹೆಂಡತಿ ಅಡುಗೆಮನೆಯ ಡಬ್ಬಿಯಿಂದ ಹುಣಸೆ ಬೀಜ ತಂದು ಸುರಿದಳು, ಹುಣಸೆಹುಳಿ ಹಾಕಿ ಚೆಂಬನ್ನು ಫಳಫಳ ತಿಕ್ಕಿ ತಂದು ಆಯಿಯ ಹಾಗೆಯೇ ಇಟ್ಟಳು.

ಮೊದಮೊದಲು ಅದು ಆಟವಾಗಿರಲಿಲ್ಲ, ತಪಸ್ಸಾಗಿತ್ತು. ಎಡಗೈಯಿಂದ ಬಲಗೈಯನ್ನು ಎತ್ತಿ ಗುಳಿಯ ಮೇಲಿಟ್ಟು, ಬೀಜಗಳನ್ನು ಬಾಚಿಕೊಳ್ಳಲು ಹೋದರೆ ಅರ್ಧ ನೆಲಕ್ಕೆ. ನಾನು ಹೆಕ್ಕಿ ಕೊಡುವುದು, ಅವಳು ಮತ್ತೆ ಚೆಲ್ಲುವುದು. ಆಮೇಲೆ ಹೆಬ್ಬೆರಳು ತೋರುಬೆರಳು ಸೇರಿದವು, ನಡುಬೆರಳು ಬಂದು ಕೂಡಿಕೊಂಡಿತು. ಗುಳಿಗೊಂದರಂತೆ ಬೀಜ ಬಿಡುತ್ತ ಹೋಗುವುದು ಸಾಧ್ಯವಾಯಿತು. ಖಾಲಿ ಗುಳಿ ಸಿಕ್ಕರೆ ಅದರಾಚೆಯದನ್ನು ಬಾಚಿಕೊಳ್ಳಬೇಕು, ಅದನ್ನೂ ಬಾಚಿದಳು. ಶಬಾನಾ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ, ಆದರೆ ಹೇಳಿಕೊಳ್ಳಲಾಗದ ಒಂದು ಸಂಕಟ ಒಳಗೇ ಉಳಿದಿತ್ತು. ಕೈ ಬರುತ್ತಿತ್ತು, ಅಕ್ಕ ಬರುತ್ತಿರಲಿಲ್ಲ. ಸೋತರೆ ‘ಹ್ಞೂಂ’ ಎಂದು ಒಪ್ಪಿಕೊಂಡು ಗೋಡೆಗೊರಗುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಗೆಲ್ಲುವ ಹಂತದಲ್ಲಿದ್ದೆ. ಅಕ್ಕ ಬೀಜ ಬಿಡುತ್ತಿದ್ದಳು. ನನ್ನ ಕಣ್ಣು ಸುಮ್ಮನೆ ಚೆಂಬಿನ ಹೊಟ್ಟೆಯ ಮೇಲೆ ಬಿತ್ತು. ಅದರ ಹೊಳಪಿನಲ್ಲಿ ಮಣೆ ಬಾಳೆಕಾಯಿಯ ಹಾಗೆ ಬಾಗಿ, ಅಕ್ಕನ ಅಂಗೈಯ ಒಳಮಗ್ಗುಲು ದೊಡ್ಡದಾಗಿ ಕಾಣುತ್ತಿತ್ತು. ಉಂಗುರದ ಬೆರಳು, ಕಿರುಬೆರಳು ಎರಡೂ ಒಂದಕ್ಕೊಂದು ಅಂಟಿ ಮಡಚಿಕೊಂಡಿದ್ದವು. ಬೆರಳು ಸೆಟೆದುಕೊಳ್ಳದ ಹಾಗೆ ನೋಡಿಕೊಳ್ಳಿ ಎಂದು ಶಬಾನಾ ಮೊದಲೇ ಎಚ್ಚರಿಸಿದ್ದಳು. ಆಯಿತು, ಬಂದದ್ದೆಲ್ಲ ಹೋಯಿತು ಎಂದುಕೊಂಡು ಮಣೆಯ ಮೇಲಿಂದಲೇ ಕೈ ಚಾಚಿ ಆ ಎರಡು ಬೆರಳುಗಳನ್ನು ಬಿಡಿಸಿದೆ.

ಟಕ್ ಎಂದು ಒಂದು ಹುಣಸೆ ಬೀಜ ಮಣೆಯ ಮೇಲೆ ಬಿತ್ತು.

ನಾನು ಬೀಜವನ್ನು ನೋಡಿದೆ. ಅಕ್ಕನನ್ನು ನೋಡಿದೆ. ಅವಳ ಎರಡೂ ಕಣ್ಣು ಅಗಲವಾದವು, ಚೂರು ಸೊಟ್ಟಗಿದ್ದ ಬಾಯಿ ತೆರೆಯಿತು, ಮೊದಲ ಮಾತಿನಲ್ಲಿ ನಾಲಿಗೆ ಎರಡು ಸಲ ಎಡವಿತು, ಮೂರನೆಯ ಸಲಕ್ಕೆ ಇಡೀ ವಾಕ್ಯ ಹೊರಗೆ ಬಂತು.

“ದೇವ್ರಾಣೆ, ಎಂಗೆ ಗೊತ್ತಿಲ್ಲೆ ತಮಾ!”

“ಮೋಸ!” ಎಂದು ಕೂಗಿದೆ ನೋಡಿ, ಮೈಕಿಲ್ಲದೆಯೂ ಬಸ್ ನಿಲ್ದಾಣಕ್ಕೆ ಕೇಳಿರಬೇಕು. ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಾನು ನೆಲದ ಮೇಲೆ ಕೂತು, ನಗುತ್ತಲೂ ಅಳುತ್ತಲೂ, ಮೋಸ ಮೋಸ ಎಂದು ಹೇಳುತ್ತಲೇ ಇದ್ದೆ. ಅಕ್ಕ ಆ ಗಡಿಬಿಡಿಯಲ್ಲಿ ನನ್ನ ಗುಳಿಯ ಎರಡು ಬೀಜ ಎಗರಿಸಿದ್ದು ಆಮೇಲೆ ತಿಳಿಯಿತು. ಮರುದಿನ ಶಬಾನಾ ಕೇಳಿ ಮೂಗಿನ ಮೇಲೆ ಬೆರಳಿಟ್ಟಳು. “ಆ ಎರಡು ಬೆರಳಲ್ಲಿ ಹಿಡಿಯೋದು ಎಲ್ಲಕ್ಕಿಂತ ಕಷ್ಟ ಸರ್. ನಾನಂತೂ ಹೇಳಿಕೊಟ್ಟಿರಲಿಲ್ಲ” ಎಂದಳು. ಅಕ್ಕ ಅಂದು ಮೊದಲ ಸಲ ಅವಳಿಗೆ ಬೈದಳಂತೆ, ಮುಂಗೈ ಜಗ್ಗಿದ್ದು ಜೋರಾಯಿತೆಂದು.

ಅಕ್ಕ ಈಗ ಸಿದ್ದಾಪುರದಲ್ಲಿದ್ದಾಳೆ. ಕತ್ತರಿ ಹಿಡಿದರೆ ಕೈ ಇನ್ನೂ ನಡುಗುತ್ತದೆ, ಸೀಮೆಸುಣ್ಣದ ಗೆರೆ ಒಮ್ಮೊಮ್ಮೆ ಸೊಟ್ಟ ಹೋಗುತ್ತದೆ. ಹುಡುಗಿಯರು ಕತ್ತರಿಸುತ್ತಾರೆ, ಇವಳು ಬೈಯುತ್ತಾಳೆ, ಕ್ಲಾಸು ನಡೆಯುತ್ತದೆ. ಮಣೆ, ಬೀಜ, ಚೆಂಬು ಎಲ್ಲವನ್ನೂ ಹೊತ್ತುಕೊಂಡೇ ಹೋದಳು. ಹೊರಡುವ ದಿನ ನಾನೇ ಚೀಲ ತುಂಬಿಸಿಕೊಟ್ಟು, ನಾನೇ ಬಸ್ಸು ಹತ್ತಿಸಿ, ಜೊತೆಗೆ ಹೋಗಿ ಬಿಟ್ಟುಬಂದೆ. ಮರುದಿನವೇ ಫೋನು.

“ತಮಾ, ಒಂದು ಬೀಜ ಕಮ್ಮಿ ಇದ್ದಲೋ. ನೀ ಎಂತಾದ್ರೂ ತಗಂಡ್ಯನಾ?”

ಮೈಕಿನ ಮುಂದೆ ಒಂದು ದಿನವೂ ಸುಳ್ಳು ವೇಳೆ ಹೇಳದ ಬಾಯಿ ಇದು. ಅಂಗಿಯ ಕಿಸೆಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು, ಅಲ್ಲಿ ಯಾರಿಗೂ ಕಾಣದಿದ್ದರೂ ಎರಡೂ ಕಣ್ಣು ಅಗಲ ಮಾಡಿ ಹೇಳಿದೆ:

“ದೇವ್ರಾಣೆ, ಎಂಗೆ ಗೊತ್ತಿಲ್ಲೆ ಅಕ್ಕಾ!”