ಕರಿಯದರ ತಾಟು

ಏನೇನೆಲ್ಲ ಆಗಬಹುದಿತ್ತು! ನಾಯಿ ಅನ್ನ-ನೀರು ಬಿಟ್ಟು ಸತ್ತೇ ಹೋಗಬಹುದಿತ್ತು. ಸತ್ತ ಜೊತೆಗಾರನನ್ನು ಹುಡುಕುತ್ತ ಕಾಲುವೆಗೆ ಬೀಳಬಹುದಿತ್ತು. ಬಸ್ ಸ್ಟ್ಯಾಂಡಿಗೆ ಹೋಗಿ ಹುಣಸಗಿ ಬಸ್ಸಿನ ಅಡಿಯಲ್ಲಿ ಮಲಗಬಹುದಿತ್ತು. ದುಃಖ ಸಿಟ್ಟಿಗೆ ತಿರುಗಿ ಯಾರನ್ನಾದರೂ ಕಚ್ಚಬಹುದಿತ್ತು. ಆ ಯಾರಾದರೂ ನಾನೇ ಆಗಿರಬಹುದಿತ್ತು. ಇಷ್ಟನ್ನೂ ನಾನು ಒಂದೇ ಮುಂಜಾನೆ, ಚಹಾ ಆರುವುದರೊಳಗೆ ಯೋಚಿಸಿ ಮುಗಿಸಿದ್ದೆ.

ಶಹಾಪುರದ ನಮ್ಮ ಮನೆಯಲ್ಲಿ ಎರಡು ನಾಯಿಗಳಿದ್ದವು. ಒಂದು ಮುದಿ ಕರಿಯದು, ಇನ್ನೊಂದು ಅದರ ಬೆನ್ನಿಗೇ ಬೆಳೆದ ಸಣ್ಣದು. ಶುಕ್ರವಾರ ಕರಿಯದು ವಯಸ್ಸಾಗಿ ಸತ್ತಿತು. ಹಿತ್ತಲ ಬೇವಿನಡಿ ಹೂತೆವು. ಅಂದಿನಿಂದ ಸಣ್ಣದು ಹೊತ್ತಿಗೆ ಸರಿಯಾಗಿ ತಾಟಿನ ಮುಂದೆ ಬಂದು ಕೂರುತ್ತಿತ್ತು, ರೊಟ್ಟಿ ನೋಡುತ್ತಿತ್ತು, ಬಾಗಿಲು ನೋಡುತ್ತಿತ್ತು. ಬಾಯಿ ಹಚ್ಚುತ್ತಿರಲಿಲ್ಲ. ಹಾಲು ಸುರಿದೆ, ತುಪ್ಪ ಸವರಿದೆ. ದೇವರಿಗೂ ಒಂದು ಮಾತು ಹೇಳಿಟ್ಟೆ. ಸುರಪುರದ ಕಡೆ ಕುರಿ ಸಾಕಿಕೊಂಡಿರುವ ಹೆಂಡತಿಯ ತಮ್ಮನಿಗೆ ದಿನಕ್ಕೆ ನಾಲ್ಕು ಸಲ ಫೋನು ಮಾಡಿದೆ.

“ಮಾಮಾ, ನಾಯಿ ಇರ್ಲಿ, ಮೊದ್ಲ ನಿಮ್ಮನ್ನ ಡಾಕ್ಟರ್‌ಗೆ ತೋರಸ್ರಿ,” ಎಂದ.

ಸೋಮವಾರ ಹೆಂಡತಿಯೇ ಗುಟ್ಟು ಹಿಡಿದಳು. “ಇಷ್ಟ್ ವರ್ಷದಾಗ ಕರೇದು ಬಾಯಿ ಹಚ್ಚೂತನಕ ಇದು ಎಂದಾರ ತಿಂದೈತೇನ್ರಿ? ಹಿರ್ಯಾರು ಮೊದ್ಲ ಉಣ್ಲಿ ಅಂತ ಕಾಯಾಕತ್ತೈತಿ.”

“ಈಗ ಹಿರ್ಯಾರನ್ನ ಎಲ್ಲಿಂದ ತರೂದು?”

ಅವಳು ನನ್ನನ್ನೇ ನೋಡಿದಳು.

“ನನ್ನ ಯಾಕ ನೋಡ್ತಿ?”

“ಕರೇದು ಹೋದಮ್ಯಾಲ ಮನ್ಯಾಗ ಹಿರ್ಯಾರು ನೀವ ಅಲ್ಲೇನ್ರಿ?”

ಕರಿಯದರ ತಾಟನ್ನು ಎರಡು ಸಲ ತಿಕ್ಕಿ ತೊಳೆಸಿ, ಜೋಳದ ರೊಟ್ಟಿ ಹಾಕಿಸಿಕೊಂಡು ನೆಲದ ಮೇಲೆ ಕೂತೆ. ಮೊದಲು ಸುಮ್ಮನೆ ಬಾಯಾಡಿಸಿದೆ. ಸಣ್ಣದು ನನ್ನನ್ನು ನೋಡಿ ಮತ್ತೆ ಬಾಗಿಲ ಕಡೆ ತಿರುಗಿತು. ನನ್ನ ನಾಟಕ ಮನೆಯಲ್ಲಿ ಯಾರೆದುರೂ ನಡೆದದ್ದಿಲ್ಲ. ಕೊನೆಗೆ ನಿಜವಾಗಿಯೇ ತುತ್ತು ಮುರಿದು ಅಗಿದೆ. ಅದು ನನ್ನ ಗಂಟಲನ್ನೇ ನೋಡುತ್ತಿತ್ತು. ನುಂಗಿದೆ. ಅದು ತನ್ನ ತಾಟು ಮೂಸಿತು, ನೆಕ್ಕಿತು, ಆಮೇಲೆ ಗಬಗಬನೆ ತಿನ್ನತೊಡಗಿತು.

“ನಿಲ್ಲಸ್ಬ್ಯಾಡ್ರಿ, ನೀವೂ ತಿನ್ರಿ!” ಎಂದು ಹೆಂಡತಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಭುಜ ಕುಲುಕುತ್ತಿದ್ದುದು ನೋಡಿದರೆ ಅಳುತ್ತಿದ್ದಳೆಂದು ಹೇಳಲಾರೆ.

ಎರಡೂ ತಾಟು ಖಾಲಿಯಾದವು. ಸಣ್ಣದು ಬಾಗಿಲು ನೋಡುವುದು ಬಿಟ್ಟು ನನ್ನ ಕಾಲ ಮೇಲೆ ತಲೆಯಿಟ್ಟು ಮಲಗಿತು. ನಾನು ನೀರು ಕುಡಿದು ತೇಗಿದೆ. ತೇಗಿದ ಮೇಲೆ ನೆನಪಾಯಿತು: ನಾಯಿ ಒಂದು ತುತ್ತು ಉಣ್ಣಲೆಂದು ದೇವರಿಗೆ ಹೇಳಿಕೊಂಡು, ಆ ಸೋಮವಾರ ನಾನು ಉಪವಾಸವಿದ್ದೆ.