ಸೊರಬದಲ್ಲಿ ನಾಗಕ್ಕನ ಭಾಷಣ

ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಆಧಾರ್ ಕಾರ್ಡ್ ಹಿಡಿದು ಸರಕಾರಿ ಬಸ್ಸಿಗೆ ಕಾದದ್ದೇ ಬಂತು. ಹೆಂಗಸರಿಗೆ ಟಿಕೆಟ್ಟಿಲ್ಲದ ಬಸ್ಸು ನಮಗೆ ಅವಸರವಿದ್ದ ದಿನ ಯಾವತ್ತು ಬಂದೀತು? ಕೊನೆಗೆ ಖಾಸಗಿ ಬಸ್ಸು ಹತ್ತಿ, ಟಿಕೆಟ್ ತೆಗೆದುಕೊಂಡು, ಕಿಟಕಿ ಪಕ್ಕದ ಸೀಟು ಹಿಡಿದೆವು. ನಾನು ಮತ್ತು ನನ್ನ ವಾರಗಿತ್ತಿ ನಾಗಕ್ಕ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಸೊರಬದ ಒಂದು ಸೇವಾ ಕ್ಲಬ್ಬಿನವರು ವಾರಕ್ಕೊಮ್ಮೆ ಮಧ್ಯಾಹ್ನ ಊಟದ ಸಭೆ ಸೇರುತ್ತಾರೆ, ಪ್ರತಿ ಸಭೆಗೂ ಒಬ್ಬರನ್ನು ಮಾತಾಡಲು ಕರೆಯುತ್ತಾರೆ. ಆ ವಾರದ ಅತಿಥಿ ನಾಗಕ್ಕ. ನಾನು ಅವಳ ಧೈರ್ಯಕ್ಕೆಂದು ಹೊರಟವಳು, ಊಟಕ್ಕೆಂದು ಹೊರಟವಳೂ ಹೌದು.

ನಮ್ಮದು ಕುರಿ ಸಾಕುವ ಮನೆ. ಸುಗ್ಗಿ ಮುಗಿದ ಮೇಲೆ ನಮ್ಮೂರಿನ ಹಿಂಡುಗಳು ಜಡೆ, ಆನವಟ್ಟಿ ಕಡೆಯ ಗದ್ದೆಗಳಲ್ಲಿ ಬೀಡು ಬಿಡುತ್ತವೆ. ಗದ್ದೆಗೆ ಗೊಬ್ಬರ, ಕುರಿಗೆ ಮೇವು. ಹೋದ ಮಳೆಗಾಲದಲ್ಲಿ ಕರುಳುಬೇನೆ ಬಂದು ಊರಿನ ಮರಿಗಳೆಲ್ಲ ಕಣ್ಣೆದುರೇ ಹೋದವು. ಈ ಕ್ಲಬ್ಬಿನವರು ಕಣ್ಣಿನ ಶಿಬಿರ, ರಕ್ತದಾನ ಶಿಬಿರ ಅಂತ ಮಾಡುತ್ತಿರುತ್ತಾರೆ. ಮುಂಗಾರು ಹಿಡಿಯುವುದರೊಳಗೆ ನಮ್ಮೂರಿಗೆ ಡಾಕ್ಟರನ್ನು ಕರೆತಂದು ಕುರಿಗಳಿಗೂ ಒಂದು ಲಸಿಕೆ ಶಿಬಿರ ಮಾಡಿ ಎಂದು ಕೇಳಿ ಬರಲು ಊರಿನ ಹೆಂಗಸರು ನಾಗಕ್ಕನನ್ನು ಒಪ್ಪಿಸಿದ್ದರು.

"ಇಲ್ಲ ಅನ್ನಿಸ್ಕೊಂಡು ಬಂದ್ರೂ ಅಡ್ಡಿಯಿಲ್ಲ ಕಣೇ. ಕೇಳದಂಗೇ ಬಂದ್ರೆ ಅವರಿಗೆ ಹೆಂಗೆ ಮುಖ ತೋರ್ಸ್ಲಿ?" ಎಂದಳು ನಾಗಕ್ಕ, ಬಸ್ಸು ಊರು ದಾಟುವ ಮೊದಲೇ.

ಶಿರಾಳಕೊಪ್ಪದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ನಾನು ಇಳಿದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದೆ. ಅವಳು ಮುಟ್ಟಲಿಲ್ಲ, ತುಟಿ ಅಲ್ಲಾಡಿಸುತ್ತ ಭಾಷಣ ಬಾಯಿಪಾಠ ಮಾಡುತ್ತಿದ್ದಳು. ಹಿಂದಿನ ಸೀಟಿನ ಅಜ್ಜಿ ಅದನ್ನು ಜಪವೆಂದು ತಿಳಿದು, ಯಾವ ಕ್ಷೇತ್ರಕ್ಕೆ ಹೊರಟಿರಿ, ಚಂದ್ರಗುತ್ತಿಗಾ ಎಂದು ಕೇಳಿದಳು. ಹೌದು ಅಂದುಬಿಟ್ಟೆ. ಬಿಸಿಲು ಚುರುಗುಟ್ಟುತ್ತಿತ್ತು, ಸೊರಬ ಹತ್ತಿರವಾದಂತೆ ಕಿಟಕಿಯಿಂದ ಬರುವ ಗಾಳಿ ಕೊಂಚ ತಂಪಾಯಿತು. ಬಜ್ಜಿ ಅಷ್ಟೂ ನನ್ನ ಪಾಲಾಯಿತು.

ಕ್ಲಬ್ಬಿನ ಅಧ್ಯಕ್ಷರು ಮಹಾದೇವಪ್ಪನವರು, ರಾಸಾಯನಿಕ ಗೊಬ್ಬರದ ಅಂಗಡಿಯವರು. ಸಭೆ ನಡೆಯುವುದು ಅವರ ಅಂಗಡಿಯ ಮೇಲಿನ ಹಾಲಿನಲ್ಲಿ. ಜಡೆಯಿಂದ, ಆನವಟ್ಟಿಯಿಂದ ಬೈಕಿನಲ್ಲಿ ಬಂದ ಸದಸ್ಯರು ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಗಂಟೆ ಬಾರಿಸಿದರು, ಪ್ರಾರ್ಥನೆ ಆಯಿತು, ನಾಗಕ್ಕನಿಗೆ ಶಾಲು ಹೊದಿಸಿ ಮೈಕಿನ ಮುಂದೆ ನಿಲ್ಲಿಸಿದರು.

ಅವಳು ನಮಸ್ಕಾರ ಅಂದಳು. ಹೆಸರು ಹೇಳಿದಳು, ಊರು ಹೇಳಿದಳು. ಆಮೇಲೆ ಮಾತಿಲ್ಲ. ಮೈಕು ಗುಂಯ್ ಎಂದಿತು. ಹಿಂಡಿನಲ್ಲಿ ಒಂದು ಕೂಗು ಹಾಕಿದರೆ ಗುಡ್ಡದ ಆಚೆಗೆ ಕೇಳಿಸುವ ಹೆಂಗಸು, ಮತ್ತೊಮ್ಮೆ ನಮಸ್ಕಾರ ಅಂದು ಬಂದು ಕೂತೇಬಿಟ್ಟಳು.

ಕಾರ್ಯದರ್ಶಿಗಳು ಪಾಪ, ವಂದನಾರ್ಪಣೆಯನ್ನು ಮನೆಯಲ್ಲೇ ಬರೆದು ತಂದಿದ್ದರು. ಬರೆದಂತೆಯೇ ಓದಿದರು. "ಸುದೀರ್ಘವಾಗಿ, ಮನಮುಟ್ಟುವಂತೆ ಮಾತನಾಡಿದ ಅತಿಥಿಗಳಿಗೆ" ಎಂಬಲ್ಲಿ ನನಗೆ ನಗು ತಡೆಯದೆ ಸೆರಗು ಬಾಯಿಗಿಟ್ಟುಕೊಂಡೆ. ನಾಗಕ್ಕನ ಕಣ್ಣಲ್ಲಿ ನೀರು ತುಂಬಿದ್ದು ಕಂಡ ಮೇಲೆ ನಗು ಎಲ್ಲಿ ಹೋಯಿತೋ! ನನಗೆ ನಾಚಿಕೆಯಾಯಿತು.

ಊಟಕ್ಕೆ ಎಬ್ಬಿಸಿದರು. ಉದ್ದ ಮೇಜಿನ ಮೇಲೆ ಬಾಳೆಲೆ, ಹೋಳಿಗೆ, ತುಪ್ಪ, ಕೋಸಂಬರಿ, ಅಪ್ಪೆಮಿಡಿ, ಬಿಸಿ ಅನ್ನಕ್ಕೆ ಹೋಳಿಗೆ ಸಾರು. ಬಡಿಸುವವರೂ ಸದಸ್ಯರೇ. ನಾಗಕ್ಕ ತಲೆ ಬಗ್ಗಿಸಿ ಅನ್ನ ಕಲೆಸುತ್ತಿದ್ದಳು. ಅವಳ ಪಕ್ಕ ಕೂತ ಜಡೆಯ ರೈತರೊಬ್ಬರು, ಕುರಿ ಬಿಟ್ಟ ಗದ್ದೆಯಲ್ಲಿ ಈ ಸಲ ಭತ್ತ ಚೆನ್ನಾಗಿ ಬಂತೆಂದು, ಮುಂದಿನ ವರ್ಷವೂ ಹಿಂಡು ಬರುವುದು ತಾನೇ ಎಂದು ಸಹಜವಾಗಿ ಕೇಳಿದರು.

"ಕುರಿ ಉಳಿದ್ರೆ ಬರ್ತಾವ್ರಿ" ಎಂದಳು ನಾಗಕ್ಕ.

ಅಷ್ಟೇ ಸಾಕಾಯಿತು. ಎಲೆ ನೋಡುತ್ತಲೇ ಮಾತು ಶುರುಮಾಡಿದಳು. ಮರಿಗಳು ಬೆಳಗಿನ ಜಾವ ಹೊಟ್ಟೆ ಹಿಡಿದುಕೊಂಡು ಬಿದ್ದದ್ದು, ತಾಯಿಕುರಿಗಳು ಮೂಸಿ ಮೂಸಿ ಅಲ್ಲಿಂದ ಕದಲದೇ ಇದ್ದದ್ದು, ಮಳೆಗೆ ಮುಂಚೆ ಲಸಿಕೆ ಬಿದ್ದರೆ ಉಳಿಯುತ್ತಿದ್ದವು ಎಂಬುದು, ಎಲ್ಲವನ್ನೂ ಹೇಳಿದಳು. ಮಾತಾಡುವ ಭರದಲ್ಲಿ ಕೈ ನಿಂತಿತ್ತು. ಉಳಿದವರ ಊಟ ಮುಗಿದಿತ್ತು. ಪಂಕ್ತಿಯಲ್ಲಿ ಒಬ್ಬರ ಎಲೆಯಲ್ಲಿ ಅನ್ನವಿದ್ದರೆ ಮಿಕ್ಕವರು ಏಳುವಂತಿಲ್ಲ, ಅದರಲ್ಲೂ ಅತಿಥಿಯ ಎಲೆ! ಅಂಗಡಿ ತೆರೆಯುವ ಅವಸರದವರು ಒಣಗಿದ ಕೈ ಹಾಗೇ ಹಿಡಿದು ಕೂತರು. ಮಜ್ಜಿಗೆ ಮತ್ತೊಂದು ಸುತ್ತು ಬಂತು. ಮೊದಮೊದಲು ಗಡಿಯಾರ ನೋಡುತ್ತಿದ್ದವರು ಆಮೇಲೆ ನಾಗಕ್ಕನನ್ನೇ ನೋಡುತ್ತ ಕೂತರು.

"ಡಾಕ್ಟ್ರನ್ನ ಕರ್ಕೊಂಡು ನಮ್ಮೂರಿಗೆ ಬರ್ರಿ. ಕುರಿಗೆ ಒಂದು ಶಿಬಿರ ಮಾಡ್ರಿ. ಇದನ್ನ ಕೇಳಾಕೇ ಬಂದಿದ್ದು ನಾನು" ಎಂದಳು. ಕೇಳಿಯೇಬಿಟ್ಟಳು, ನನ್ನವ್ವ!

ಮಹಾದೇವಪ್ಪನವರು ಎಲ್ಲರ ಮುಖ ನೋಡಿದರು. ಜಡೆಯವರು ಎಡಗೈ ಎತ್ತಿದರು, ಆನವಟ್ಟಿಯವರೂ ಎತ್ತಿದರು, ಸಾಲಿಗೆ ಸಾಲೇ ಎಡಗೈ ಎದ್ದಿತು.

"ಕುರಿ ಉಳ್ಸಿದ್ರೆ ನನ್ನ ಗೊಬ್ಬರ ಯಾರು ತಗೋತಾರೆ ಮಾರಾಯ್ರೆ" ಎಂದು ಮಹಾದೇವಪ್ಪನವರು ನಕ್ಕರು. "ಆಗ್ಲಿ, ಮಾಡನ. ಮೊದ್ಲು ಆ ಅನ್ನ ಉಣ್ರಿ."

ನಾಗಕ್ಕ ತುತ್ತು ಕಟ್ಟಿದಳು, ಬಾಯಿಗಿಡಲಿಲ್ಲ. "ಯಾವತ್ತು ಅಂತ ಹೇಳಿದ್ರೆ ಉಣ್ತೀನ್ರಿ."

ಹಾಲಿಗೆ ಹಾಲೇ ನಕ್ಕಿತು. ಮುಂದಿನ ವಾರದ ಸಭೆಯ ಬದಲು ಆ ದಿನ ಡಾಕ್ಟರನ್ನು ಕರೆದುಕೊಂಡು ನಮ್ಮೂರಿಗೆ ಬರುವುದೆಂದು ಕೂತಲ್ಲೇ ಗೊತ್ತುಮಾಡಿದರು. ಅವಳು ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡಳು. ಆಮೇಲೆ ಎಲ್ಲರೂ ಒಟ್ಟಿಗೆ ಎದ್ದು ಕೈತೊಳೆಯಲು ಹೋದರು.

ವಾಪಸು ಬರುವಾಗ ಸರಕಾರಿ ಬಸ್ಸೇ ಸಿಕ್ಕಿತು. ಸೊರಬ ದಾಟುತ್ತಿದ್ದಂತೆ ಊರಿನಿಂದ ಫೋನು ಬಂತು. ಹೆಂಗಸರೆಲ್ಲ ಒಂದೇ ಫೋನಿನ ಸುತ್ತ ಸೇರಿದ್ದರು, ಭಾಷಣ ಹೆಂಗಾಯಿತು ಎಂದು ಕೇಳುತ್ತಿದ್ದರು.

"ಭಾಷಣ ಬರ್ಲಿಲ್ಲ ಕಣ್ರೇ" ಎಂದಳು ನಾಗಕ್ಕ. "ಡಾಕ್ಟ್ರು ಬರ್ತಾರೆ."

ಆಮೇಲೆ ಎದ್ದ ಕೂಗಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಇಡೀ ಬಸ್ಸು ತಿರುಗಿ ನೋಡಿತು.